ತೊಳೆದ ಬೇರು

ನರ್ಸರಿಯ ಅತ್ತೆಗೆ ಮೂಗಿನ ತುದಿಯಲ್ಲೇ ಕೋಪ. ಕೊಳ್ಳಲು ಬಂದವರು ಗಿಡದ ಕತ್ತು ಹಿಡಿದು ಎತ್ತಿದರೆ ಮುಗಿಯಿತು, "ನಿಮ್ಮನ್ನ ಹಾಗೇ ಎತ್ತಿದ್ರೆ ಹೇಗಿರುತ್ತೆ?" ಎಂದು ಮುಖಕ್ಕೆ ಹೊಡೆದಂತೆ ಕೇಳಿಬಿಡುವರು. ಗಿರಾಕಿ ಎದ್ದುಹೋದರೂ ಅವರಿಗೆ ಚಿಂತೆಯಿಲ್ಲ. ಆದರೂ ಆ ಬೀದಿಯ ಜನ ಸೊರಗಿದ ಕುಂಡವನ್ನು ಕಂಕುಳಲ್ಲಿ ಇರುಕಿಕೊಂಡು ಬರುವುದು ಅವರ ಬಳಿಗೇ. ಅತ್ತೆ ಮಣ್ಣಿಗೆ ಬೆರಳಿಳಿಸಿ, ಮೂಸಿ, "ನೀರು ಜಾಸ್ತಿಯಾಗಿ ಬೇರಿಗೆ ಉಸಿರು ಕಟ್ಟಿದೆ. ಪ್ರೀತಿ ಸ್ವಲ್ಪ ಕಮ್ಮಿ ಮಾಡಿ" ಎನ್ನುವರು. ಜನ ಬೈದುಕೊಂಡೇ ಮೆಚ್ಚುವ ಹೆಂಗಸು.

ಮನೆಗೆ ಹೊಸದಾಗಿ ಬಂದ ಸೊಸೆಗೆ ಅವರನ್ನು ಕಂಡರೆ ಹೆದರಿಕೆಯೂ ಹೌದು, ಅಭಿಮಾನವೂ ಹೌದು. ಈ ಕೆಲಸ ತನ್ನ ಕೈಗೂ ಹತ್ತಬೇಕು, ಅತ್ತೆಯ ಬಾಯಲ್ಲಿ ಒಮ್ಮೆಯಾದರೂ 'ಪರವಾಗಿಲ್ಲ' ಅನ್ನಿಸಿಕೊಳ್ಳಬೇಕು ಎಂಬುದೇ ಅವಳ ಆಸೆ. ಒಂದು ಬೆಳಿಗ್ಗೆ ಅತ್ತೆ, "ಈ ನಿಂಬೆ ಗಿಡ ದೊಡ್ಡ ಕುಂಡಕ್ಕೆ ಹಾಕು. ನಿಮ್ಮ ಮಾವ ಕಸಿ ಕಟ್ಟಿದ್ದು, ಜೋಪಾನ" ಎಂದು ಹೇಳಿ ಗೊಬ್ಬರ ತರಲು ಹೋದರು. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಅವರ ಕೈಯ ಗಿಡವನ್ನು ಯಾರು ಎಷ್ಟು ಅಂಗಲಾಚಿದರೂ ಅತ್ತೆ ಮಾರುತ್ತಿರಲಿಲ್ಲ.

ಸೊಸೆ ತವರಿನಲ್ಲಿ ಅಚ್ಚುಕಟ್ಟಿಗೆ ಹೆಸರಾದವಳು. ಸೊಪ್ಪನ್ನು ನೀರು ತಿಳಿಯಾಗುವವರೆಗೆ ತೊಳೆಯದೆ ಒಲೆಗಿಟ್ಟವಳಲ್ಲ. ಹಳೇ ಮಣ್ಣು ಮೆತ್ತಿದ ಬೇರನ್ನು ಹೊಸ ಕುಂಡಕ್ಕಿಡಲು ಅವಳಿಗೆ ಮನಸ್ಸಾದರೂ ಹೇಗೆ ಬರಬೇಕು? ನಲ್ಲಿ ತಿರುಗಿಸಿ, ಬೆರಳಾಡಿಸಿ, ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ ನೆಟ್ಟಳು. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಜೋತುಬಿದ್ದವು. ನೀರು ಹಾಕಿದಳು. ಇನ್ನಷ್ಟು ಜೋತವು. ಮತ್ತೆ ಹಾಕಲು ಹೊರಟಾಗ ಅತ್ತೆ ಬಂದು ಕೈ ಹಿಡಿದರು.

"ಬೇರು ತೊಳೆದ್ಯಾ?"

"ಕೊಳೆ ಇತ್ತು ಅತ್ತೆ."

ಅತ್ತೆ ಬೈಯಲಿಲ್ಲ. ಅವರು ಮೂಲೆಯಲ್ಲಿದ್ದ ಒಂದು ಕಳೆಗಿಡವನ್ನು ಮಣ್ಣಿನ ಸಮೇತ ಎಬ್ಬಿಸಿ ತಂದು, ಮೆಲ್ಲಗೆ ಉದುರಿಸಿ, ಬೆಳಕಿಗೆ ಹಿಡಿದರು. ಬೇರಿನ ತುದಿಯ ಹತ್ತಿರ ಕೂದಲಿಗಿಂತ ನವಿರಾದ ಎಳೆಗಳು ಮಣ್ಣಿನ ಕಣಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು.

"ದಪ್ಪ ಬೇರು ನೀರು ಸಾಗಿಸುತ್ತೆ. ಹೆಚ್ಚಾಗಿ ಕುಡಿಯೋದು ಇವು, ಮಣ್ಣಿಗೆ ಅಂಟ್ಕೊಂಡೇ ಕುಡೀತವೆ. ಮಣ್ಣು ಉಜ್ಜಿದ್ರೆ ಅದರ ಜೊತೆ ಇವೂ ಹೋದ್ವು. ಮೇಲೆ ಎಲೆಗಳು ಬಿಸಿಲಿಗೆ ನೀರು ಬಿಡ್ತಾ, ಕೆಳಗಿಂದ ಎಳೀತಾನೇ ಇರ್ತವೆ. ಈಗ ನೀನು ಕೊಡಗಟ್ಟಲೆ ಸುರಿದ್ರೂ ಕುಡಿಯೋಕೆ ಬಾಯಿಲ್ಲ."

"ಹಾಗಾದ್ರೆ ಇದು ಹೋದಹಾಗೇನಾ?"

"ಹೊಸ ಬಾಯಿ ಬರೋವರೆಗೂ ನೀರು ಎಳೆಯೋ ಎಲೆಗಳನ್ನ ಕಮ್ಮಿ ಮಾಡೋಣ. ಕತ್ತರಿ ತಾ."

ಗಂಡನ ಕೈಯ ಗಿಡ. ಅದರ ಎಲೆಗಳನ್ನು ಅತ್ತೆ ಒಂದೊಂದಾಗಿ ಕತ್ತರಿಸಿದರು. ಮೇಲೆ ನಾಲ್ಕಾರು ಉಳಿದವು. ಗಿಡವನ್ನು ನೆರಳಿಗೆ ಸರಿಸಿ, ಸುತ್ತ ಒದ್ದೆ ಗೋಣಿಚೀಲ ಕಟ್ಟಿದರು. ಅಂಥ ನಷ್ಟವನ್ನು ಹೊಟ್ಟೆಗೆ ಹಾಕಿಕೊಳ್ಳಲು ಎಷ್ಟು ಗಟ್ಟಿ ಜೀವ ಬೇಕು!

ಮರುದಿನವೂ ಗಿಡ ಬೋಳುಬೋಳಾಗಿ ನಿಂತಿತ್ತು. ಬದುಕಿದೆಯೋ ಇಲ್ಲವೋ ಹೇಳುವಂತಿರಲಿಲ್ಲ. ಸೊಸೆ ಗಿಡಗಳ ಗೊಡವೆಯೇ ಬೇಡವೆಂದು ದೂರ ಕೂತು ಖಾಲಿ ಚೀಲಗಳಿಗೆ ಮಣ್ಣು ತುಂಬುತ್ತಿದ್ದಳು. ಅತ್ತೆ ಇನ್ನೊಂದು ನಿಂಬೆ ಗಿಡ ಎತ್ತಿಕೊಂಡು ಅಲ್ಲಿಗೇ ಬಂದರು.

"ಇದೂ ನಿಮ್ಮ ಮಾವಂದೇ. ಇವೆರಡು ಬಿಟ್ರೆ ಅವರು ಕಸಿ ಕಟ್ಟಿದ್ದು ಬೇರೆ ಇಲ್ಲ. ಬೇರು ಕುಂಡದೊಳಗೆ ಸುತ್ಕೊಂಡಿದೆ, ದೊಡ್ಡದಕ್ಕೆ ಹಾಕು."

"ನೀವೇ ಹಾಕಿ ಅತ್ತೆ. ಅದು ಏನಾಗುತ್ತೋ ಇನ್ನೂ ಗೊತ್ತಿಲ್ಲ."

"ಗೊತ್ತಾಗೋವರೆಗೂ ಇದು ಕಾಯಲ್ಲ."

ಕುಂಡವನ್ನು ಸೊಸೆಯ ಮಡಿಲಲ್ಲೇ ಇಟ್ಟು, ಅತ್ತೆ ಗೇಟಿನ ಬಳಿ ಬಂದ ಗಿರಾಕಿಯನ್ನು ನೋಡಲು ಹೊರಟರು. ಕಾವಲಿಗೆ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ಸೊಸೆ ಮೊಣಕೈಯಿಂದ ಕಣ್ಣೊರೆಸಿಕೊಂಡು, ಮಣ್ಣಿನ ಮುದ್ದೆ ಒಡೆಯದಂತೆ ಎರಡೂ ಕೈ ಒಡ್ಡಿ ಗಿಡವನ್ನು ಹಳೇ ಕುಂಡದಿಂದ ಇಳಿಸಿಕೊಂಡಳು.