ಅಕ್ಕನ ಎದುರಿಗಿದ್ದ ಕೈ

ನಮ್ಮ ಅಕ್ಕನ ಮುಖ ದೆವ್ವದ ಸಿನಿಮಾಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದು ಒಬ್ಬ ಮನುಷ್ಯ ನಮ್ಮ ಮನೆಯಲ್ಲೇ ಕೂತು, ನಮ್ಮ ಕಾಫಿಯನ್ನೇ ಕುಡಿಯುತ್ತಾ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ನಕ್ಕುಬಿಟ್ಟಳು. "ಯಾವುದಾದ್ರೂ ಒಂದು ಕೆಲಸಕ್ಕೆ ಆದೆನಲ್ಲ" ಎಂದಳು.

ಇದು ಎಪ್ಪತ್ತರ ದಶಕದ ಮೊದಮೊದಲ ವರ್ಷಗಳ ಮಾತು. ನಾವಿದ್ದದ್ದು ಗೋರೆಗಾಂವ್‌ನ ಒಂದು ಚಾಳಿನಲ್ಲಿ. ಉಡುಪಿ ಕಡೆಯಿಂದ ಬಂದಿದ್ದ ಅಪ್ಪ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಕಾಫಿ ಕುಡಿದ ಮನುಷ್ಯ ಪಕ್ಕದ ಖೋಲಿಯವನು, ನಮ್ಮೂರ ಕಡೆಯವನೇ. ಅಪ್ಪನನ್ನು ಅಣ್ಣ ಎಂದು ಕರೆಯುತ್ತಿದ್ದುದರಿಂದ ನಮಗೆ ಚಿಕ್ಕಪ್ಪ. ಸ್ಟುಡಿಯೋ ಒಂದರಲ್ಲಿ ಎಡಿಟರನ ಕೈಕೆಳಗೆ ಫಿಲ್ಮು ಕತ್ತರಿಸಿ ಅಂಟಿಸುವುದು ಅವನ ಕೆಲಸ. ಬೇರೆಯವರ ಸಿನಿಮಾಗಳನ್ನು ಅಂಟಿಸಿ ಅಂಟಿಸಿ ಬೇಸತ್ತು, ತನ್ನದೇ ಒಂದು ಪುಟ್ಟ ಚಿತ್ರ ಮಾಡುತ್ತೇನೆಂದು ಹಟ ಹಿಡಿದಿದ್ದ. ಅಲ್ಲಿ ಇಲ್ಲಿ ಉಳಿದ ಫಿಲ್ಮಿನ ತುಂಡುಗಳನ್ನು ಕೂಡಿಟ್ಟಿದ್ದ. ಭಾನುವಾರ ಕ್ಯಾಮೆರಾ ಕೊಡುವ ಗೆಳೆಯನೊಬ್ಬನಿದ್ದ. ಮಾತು ಗೀತು ಇಲ್ಲ, ಮೂಕಿ ಚಿತ್ರ.

ಕಥೆಯನ್ನು ಅವನು ಊರಿನಿಂದಲೇ ಹೊತ್ತು ತಂದಿದ್ದ. ನಮ್ಮ ಕಡೆ ಆಟಿ ತಿಂಗಳ ಮಳೆಯಲ್ಲಿ ಹೆಂಗಸರು ಚೆನ್ನೆ ಆಡುತ್ತಾರೆ. ಮರದ ಮಣೆಯಲ್ಲಿ ಎರಡು ಸಾಲು ಗುಳಿ, ಗುಳಿಯಲ್ಲಿ ಕೆಂಪು ಮಂಜೊಟ್ಟಿ ಬೀಜ. ಒಂದು ಗುಳಿಯದನ್ನು ಎತ್ತಿ ಮುಂದಿನವಕ್ಕೆ ಒಂದೊಂದಾಗಿ ಹಾಕುತ್ತಾ ಹೋಗಿ ಎದುರಿನವರ ಬೀಜ ಬಾಚಿಕೊಳ್ಳಬೇಕು. ಬೀಜ ಖಾಲಿಯಾದವರು ಸೋತರು. ಆದರೆ ಒಡಹುಟ್ಟಿದ ಅಕ್ಕತಂಗಿಯರು ಮಾತ್ರ ಎದುರುಬದುರು ಕೂತು ಆಡಬಾರದು, ಆಡಿದರೆ ಒಬ್ಬಳು ಉಳಿಯುವುದಿಲ್ಲ ಎಂಬ ಮಾತಿದೆ. ಚಿಕ್ಕಪ್ಪನ ಚಿತ್ರದಲ್ಲಿ ಇಬ್ಬರು ಅಕ್ಕತಂಗಿಯರು ಆಡಿಯೇ ಬಿಡುತ್ತಾರೆ. ಒಂದೊಂದು ಬೀಜ ಹೋದಂತೆ ಅಕ್ಕನ ಉಸಿರು ಅಷ್ಟಷ್ಟೇ ಕಡಿಮೆಯಾಗುತ್ತದೆ. ಕೊನೆಯ ಬೀಜಕ್ಕೆ ಅವಳು ಮಣೆಯ ಪಕ್ಕದಲ್ಲೇ ಒರಗುತ್ತಾಳೆ. ಅಷ್ಟೇ ಕಥೆ.

ನಿಜವಾದ ಅಕ್ಕನ ಉಸಿರಿನ ವಿಷಯ ಅವನಿಗೆ ಗೊತ್ತಿರಲಿಲ್ಲವೇ? ಇಡೀ ಚಾಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಬಂದ ಕೀಲುನೋವಿನ ಜ್ವರ ಅವಳ ಹೃದಯದ ಕವಾಟವನ್ನು ಕೆಡಿಸಿ ಹೋಗಿತ್ತು. ಒಮ್ಮೆ ಮೆಟ್ಟಿಲು ಹತ್ತಿದರೆ ಗ್ಯಾಲರಿಯ ಕಂಬ ಹಿಡಿದು ನಿಲ್ಲಬೇಕು. ಮದುವೆಯ ಮಾತು ಎತ್ತುವಂತಿರಲಿಲ್ಲ, ಲೋಕಲ್ ಹಿಡಿದು ಕೆಲಸಕ್ಕೆ ಹೋಗುವಂತೆಯೂ ಇರಲಿಲ್ಲ. ಅವಳ ಎದೆ ಹೊಡೆದುಕೊಳ್ಳಬಾರದೆಂದು ಮನೆಯಲ್ಲಿ ಯಾರೂ ಅವಳನ್ನು ಯಾವ ಆಟದಲ್ಲೂ ಸೋಲಿಸುತ್ತಿರಲಿಲ್ಲ. ಇಸ್ಪೀಟಿನಲ್ಲಿ ಅಪ್ಪ ರಾಜನನ್ನು ಕೈಯಲ್ಲಿಟ್ಟುಕೊಂಡೇ ಸೋಲುತ್ತಿದ್ದರು, ಚೌಕಾಬಾರದಲ್ಲಿ ನಾನು ಕಾಯಿ ಕಡಿಯುವುದನ್ನು ಮರೆಯುತ್ತಿದ್ದೆ. ಅಕ್ಕನಿಗೆ ಇದೆಲ್ಲ ತಿಳಿಯುತ್ತಿತ್ತು. "ಗೆದ್ದು ಗೆದ್ದು ಸಾಕಾಯ್ತು ಮಾರಾಯ್ತಿ" ಎನ್ನುತ್ತಿದ್ದಳು.

ಅದಕ್ಕೇ ಇರಬೇಕು, ಅವಳಿಗೆ ಈ ಸಿನಿಮಾ ಬೇಕೇ ಬೇಕಾಯಿತು. ಕೂತಲ್ಲೇ ಮಾಡುವ ಕೆಲಸ, ಸುಸ್ತಾದ ಮುಖವೇ ಬಂಡವಾಳ. ಅಮ್ಮ ಮೊದಲು ಕೆಂಡವಾದಳು. ಅಕ್ಕ ವಾದ ಮಾಡಲಿಲ್ಲ, ಅಳಲೂ ಇಲ್ಲ, ಊಟದ ಹೊತ್ತಿಗೆ ಗೋಡೆ ಕಡೆ ತಿರುಗಿ ಮಲಗಿದಳು. ಮೂರನೆಯ ದಿನ ಅಮ್ಮ ಸೋತಳು. ಆದರೆ ಚಿಕ್ಕಪ್ಪನನ್ನು ಬಾಗಿಲಲ್ಲೇ ನಿಲ್ಲಿಸಿ ಒಂದು ಕರಾರು ಹಾಕಿದಳು.

"ನೀನು ಎಂತ ಬೇಕಾದ್ರೂ ತೆಗಿ. ಇಬ್ರು ಮಕ್ಕಳು ಚೆನ್ನೆಮಣೆ ಎದುರು ಒಟ್ಟಿಗೆ ಕೂರ್ಲಿಕ್ಕಿಲ್ಲ."

"ಅತ್ತಿಗೆ, ಅಕ್ಕತಂಗಿ ಆಡುದೇ ಸಿನಿಮಾ ಅಲ್ವಾ?"

"ಅದು ನಿನ್ನ ತಲೆಬಿಸಿ."

ನನಗೆ ಅಮ್ಮನ ಮೇಲೆ ಕೋಪ ಬಂತು. ಕಾಲೇಜು ಮೆಟ್ಟಿಲು ಹತ್ತಿದ್ದ ಹೊಸದು, ಇಂಥ ನಂಬಿಕೆಗಳೆಂದರೆ ಮೂಗು ಮುರಿಯುತ್ತಿದ್ದೆ. ಚಿಕ್ಕಪ್ಪ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಒಬ್ಬೊಬ್ಬರನ್ನೇ ಕೂರಿಸಿ ತೆಗೆದು, ಆಮೇಲೆ ಕತ್ತರಿಸಿ ಅಂಟಿಸಿದರೆ ಎದುರುಬದುರು ಕೂತ ಹಾಗೇ ಕಾಣುತ್ತದೆ ಎಂದ. ಅವನ ಹೊಟ್ಟೆಪಾಡೇ ಅದಾಗಿತ್ತಲ್ಲ.

ಹಾಗೆಯೇ ಆಯಿತು. ಕಿಟಕಿಗಳಿಗೆ ಗೋಣಿತಾಟು ಕಟ್ಟಿ, ಭಾನುವಾರದ ಮಧ್ಯಾಹ್ನಗಳನ್ನು ಕತ್ತಲೆ ಮಾಡಿ ಶೂಟಿಂಗ್ ನಡೆಸಿದೆವು. ಗೋಡೆಗೆ ಒರಗಿಸಿಟ್ಟ ಅಕ್ಕಿ ಡಬ್ಬದ ಕಡೆ ನೋಡುತ್ತಾ ನಾನು ಕ್ರೂರವಾಗಿ ನಕ್ಕೆ. ಅದೇ ಡಬ್ಬವನ್ನು ನೋಡುತ್ತಾ ಅಕ್ಕ ಸತ್ತಳು. ಅಮ್ಮ ಅಡುಗೆಯ ಮೂಲೆಯಿಂದ ಕಣ್ಣು ಕೀಳದೆ ಕಾವಲು ಕಾಯುತ್ತಿದ್ದಳು. ಮಣೆ ಹೊತ್ತು ತರುವ ಒಂದು ದೃಶ್ಯದಲ್ಲಿ ಮಾತ್ರ ನಾವಿಬ್ಬರೂ ಒಟ್ಟಿಗಿದ್ದೆವು. ಆಗ ಮಣೆಗೆ ಬಟ್ಟೆ ಸುತ್ತಿತ್ತು, ಹಾಗಾಗಿ ಅಮ್ಮ ತಕರಾರು ಮಾಡಲಿಲ್ಲ.

ಕೊನೆಯ ಭಾನುವಾರ ಚಿಕ್ಕಪ್ಪ ತಲೆ ಕೆರೆದುಕೊಂಡ. ಮಣೆಯನ್ನು ಮೇಲಿನಿಂದ ತೋರಿಸಬೇಕು, ಅಕ್ಕನ ಕೈ, ತಂಗಿಯ ಕೈ ಎರಡೂ ಒಂದೇ ಸಲ ಕಾಣಬೇಕು, ಇದನ್ನು ಅಂಟಿಸಲು ಬರುವುದಿಲ್ಲ. ನನ್ನ ಬದಲು ಅವನ ಹೆಂಡತಿಯನ್ನು ಕೂರಿಸಿ ನೋಡಿದರೆ ಅವಳ ಕೈ ದಪ್ಪಗಾಯಿತು. ಆಗ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದಳು.

"ನಾನು ಕೂರ್ತೇನೆ. ತಾಯಿ ಮಗಳು ಆಡ್ಲಿಕ್ಕೆ ಏನೂ ತೊಂದ್ರೆ ಇಲ್ಲ."

ನನ್ನ ಕೈ ಅಮ್ಮನ ಕೈಯ ಅಚ್ಚು. ಅವಳ ಹಸಿರು ಬಳೆ ತೆಗೆದು ನನ್ನ ಪ್ಲಾಸ್ಟಿಕ್ ಬಳೆ ತೊಡಿಸಿದೆವು, ಒಗ್ಗರಣೆ ಸಿಡಿದ ಕಲೆಗೆ ಪೌಡರು ಮೆತ್ತಿದೆವು. ಕೊನೆಯ ನಾಲ್ಕು ಬೀಜ ಬಾಚಿದರೆ ಸಾಕು ಎಂದು ಚಿಕ್ಕಪ್ಪ ಹೇಳಿದ್ದ. ಆದರೆ ಮಣೆ ಮುಟ್ಟಿದ್ದೇ ತಡ, ಅಮ್ಮ ಊರಿಗೆ ಹೋಗಿಬಿಟ್ಟಳು. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಅವಳು ಚೆನ್ನೆ ಆಡಿಯೇ ಇರಲಿಲ್ಲ. ಬೆರಳುಗಳು ತಾವಾಗಿಯೇ ಓಡಿದವು. ಅಕ್ಕನೂ ಪಟ್ಟು ಬಿಡಲಿಲ್ಲ. ಇಬ್ಬರೂ ಮೇಲೆ ಓಡುತ್ತಲೇ ಇದ್ದ ಕ್ಯಾಮೆರಾ ಮರೆತು, ಒಬ್ಬರ ಕೈ ಒಬ್ಬರು ತಳ್ಳುತ್ತಾ ನಿಜವಾಗಿಯೇ ಆಡಿದರು. ಕೊನೆಗೆ ಅಮ್ಮ ಗೆದ್ದಳು. ಮೇಲಿಂದ ಮೇಲೆ ಬಾಚಿ, ಅಕ್ಕನ ಸಾಲಿನಲ್ಲಿ ಒಂದು ಬೀಜವನ್ನೂ ಉಳಿಸದೆ ಗೆದ್ದಳು. ಅಕ್ಕ ಕೆನ್ನೆ ಕೆಂಪಾಗಿ, ಉಸಿರು ಸಿಗದೆ ನಗುತ್ತಿದ್ದಳು. "ಅಬ್ಬ, ಕಡೆಗೂ ಒಬ್ರು ನನ್ನನ್ನು ಸೋಲಿಸಿದ್ರಲ್ಲ" ಎಂದಳು. ಅಷ್ಟು ಸಂತೋಷದ ಮಧ್ಯಾಹ್ನ ಆ ಖೋಲಿಯಲ್ಲಿ ಇನ್ನೊಂದು ಬರಲಿಲ್ಲ.

ಗಣಪತಿ ಹಬ್ಬದಲ್ಲಿ ಚಾಳಿನ ಅಂಗಳದಲ್ಲಿ ಬಿಳಿ ಚಾದರ ಕಟ್ಟಿ ಚಿತ್ರ ತೋರಿಸಿದರು. ಅದರಲ್ಲಿ ನಾವಿಬ್ಬರೂ ಎಷ್ಟು ಚೆನ್ನಾಗಿ ಎದುರುಬದುರು ಕೂತಿದ್ದೆವೆಂದರೆ ನನಗೇ ದಿಗಿಲಾಯಿತು. ಕೆಳಗಿನ ಖೋಲಿಯ ಮರಾಠಿ ಅಜ್ಜಿ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಳು. ಚಿತ್ರ ಮುಗಿದ ಮೇಲೆ ಚಿಕ್ಕಪ್ಪ ಪ್ರೊಜೆಕ್ಟರಿನ ದೀಪ ಆರಿಸುವುದನ್ನು ಮರೆತು ರೀಲನ್ನು ಹಿಂದಕ್ಕೆ ಸುತ್ತಿದ. ಚಾದರದ ಮೇಲೆ ಸತ್ತ ಅಕ್ಕ ಎದ್ದು ಕೂತಳು. ಮಕ್ಕಳೆಲ್ಲ ಹೋ ಎಂದು ನಕ್ಕರು. "ನೋಡಮ್ಮ, ಎದ್ದೆ" ಎಂದು ಅಕ್ಕ ಅಮ್ಮನ ತೊಡೆ ಹಿಂಡಿದಳು.

ಮುಂದಿನ ಮಳೆಗಾಲ ಅಕ್ಕ ದಾಟಲಿಲ್ಲ. ಕಾಲು ಬಾತಿತು, ರಾತ್ರಿ ಮಲಗಲಾಗದೆ ಕೂತೇ ಇರುತ್ತಿದ್ದಳು. ಆಸ್ಪತ್ರೆಯ ಡಾಕ್ಟರು ಕವಾಟ ಪೂರ್ತಿ ಸೋತಿದೆ ಎಂದರು. ಒಂದು ಬೆಳಿಗ್ಗೆ ಅಪ್ಪ ಒಬ್ಬರೇ ಮನೆಗೆ ಬಂದರು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಇವತ್ತಿಗೂ ಆಗುವುದಿಲ್ಲ.

ಹದಿಮೂರನೆಯ ದಿನದ ಊಟ ಕಳೆದ ಮೇಲೆ ಅಮ್ಮ ಮನೆಯಲ್ಲಿ ಬಡಿಸುವುದನ್ನು ನಿಲ್ಲಿಸಿದಳು. ಅಡುಗೆ ಮಾಡಿಡುತ್ತಿದ್ದಳು, ಸೌಟು ಮಾತ್ರ ನನ್ನ ಕಡೆ ತಳ್ಳುತ್ತಿದ್ದಳು. ದುಃಖಕ್ಕೆ ಹೀಗಿರಬಹುದು ಎಂದುಕೊಂಡೆ. ತಿಂಗಳುಗಳು ಕಳೆದರೂ ಅದೇ. ಒಂದು ದಿನ ನನ್ನ ತಾಳ್ಮೆ ತಪ್ಪಿತು. ಅಪ್ಪನಿಗೆ ಒಂದು ತುತ್ತು ಬಡಿಸಿದರೆ ನಿನ್ನ ಗಂಟೇನು ಹೋಗುತ್ತದೆ ಎಂದು ರೇಗಿದೆ. ಅಮ್ಮ ಬಲಗೈಯನ್ನು ಮಡಿಲಲ್ಲಿಟ್ಟು ಅದನ್ನೇ ನೋಡುತ್ತಿದ್ದಳು.

"ನಿಮ್ಮಿಬ್ರನ್ನೇ ಕೂರಿಸ್ಬೇಕಿತ್ತು" ಎಂದಳು. "ನೀನಾದ್ರೆ ಯಾವಾಗಿನ ಹಾಗೆ ಅವಳಿಗೆ ಸೋತು ಕೊಡ್ತಿದ್ದೆ. ನಾನು ಬಿಡ್ಲಿಲ್ಲ. ಒಂದೂ ಬಿಡದೆ ಈ ಕೈಯಲ್ಲೇ ಬಾಚಿದೆ."

ಡಾಕ್ಟರು ಹೇಳಿದ್ದನ್ನೆಲ್ಲ ನಾನು ಮತ್ತೆ ಹೇಳಿದೆ. ಅಮ್ಮ ಎಲ್ಲದಕ್ಕೂ ಹೌದು ಎಂದಳು. ಸೌಟು ಮುಟ್ಟಲಿಲ್ಲ. ಅಕ್ಕನನ್ನು ಉಳಿಸಲೆಂದೇ ಚಾಚಿದ್ದ ಕೈ ಅದು. ನನಗೆ ಅಳು ಬಂತು, ಅವಳಿಗೆ ಅದೂ ಬರಲಿಲ್ಲ.

ಮತ್ತೆ ಆಟಿ ತಿಂಗಳು ಬಂದಾಗ ಅಮ್ಮ, "ಬೊರಿವಲಿಗೆ ಹೋಗುವ" ಎಂದಳು. ಚಿಕ್ಕಪ್ಪ ಅಷ್ಟರಲ್ಲಿ ಅಲ್ಲಿಗೆ ಮನೆ ಬದಲಾಯಿಸಿದ್ದ. ನಮ್ಮನ್ನು ಕಂಡು ಅವನ ಮುಖ ಸಣ್ಣದಾಯಿತು. ಅಕ್ಕ ಹೋದ ಮೇಲೆ ಆ ರೀಲನ್ನು ಅವನು ಯಾರಿಗೂ ತೋರಿಸಿರಲಿಲ್ಲ. ಅಮ್ಮ ಕೂರುವ ಮೊದಲೇ ಕೇಳಿದಳು:

"ಆ ಸಿನಿಮಾ ಹಿಂದಿನಿಂದ ಓಡಿಸ್ಲಿಕ್ಕೆ ಆಗ್ತದಲ್ಲ, ಅವತ್ತಿನ ಹಾಗೆ? ಮುಂದಿನಿಂದ ನನಗೆ ನೋಡ್ಲಿಕ್ಕಿಲ್ಲ."

ಚಿಕ್ಕಪ್ಪ ಮಂಚದ ಕೆಳಗಿನಿಂದ ರೀಲಿನ ಡಬ್ಬಿ ತೆಗೆದ, ಮಾರನೆಯ ದಿನ ಸ್ಟುಡಿಯೋಕ್ಕೆ ಮರಳಿಸಬೇಕಿದ್ದ ಪ್ರೊಜೆಕ್ಟರನ್ನು ಮೇಜಿನ ಮೇಲಿಟ್ಟ, ಕಿಟಕಿ ಮುಚ್ಚಿದ. ಮೊದಲು ದೀಪ ಹಚ್ಚದೆಯೇ ಇಡೀ ರೀಲನ್ನು ಮುಂದಕ್ಕೆ ಓಡಿಸಿದ. ಅಕ್ಕ ಸಾಯುವುದನ್ನು ನಾವು ನೋಡಲಿಲ್ಲ, ಯಂತ್ರದ ಕರಕರ ಸದ್ದು ಕೇಳುತ್ತಾ ಕತ್ತಲೆಯಲ್ಲಿ ಕೂತಿದ್ದೆವು. ಆಮೇಲೆ ದೀಪ ಹಚ್ಚಿ ಹಿಂದಕ್ಕೆ ಬಿಟ್ಟ.

ಗೋಡೆಯ ಮೇಲೆ ಅಕ್ಕ ನೆಲದಿಂದ ಎದ್ದಳು. ಮಣೆ ಕಂಡಿತು, ಎರಡು ಕೈ ಕಂಡವು. ಅಮ್ಮನ ಕೈ ಮುಷ್ಟಿ ಬಿಚ್ಚಿ, ಬಾಚಿದ್ದ ಬೀಜಗಳನ್ನೆಲ್ಲ ಅಕ್ಕನ ಗುಳಿಗಳಿಗೆ ವಾಪಸು ಹಾಕತೊಡಗಿತು. ಒಂದಾದ ಮೇಲೆ ಒಂದು ಗುಳಿ ತುಂಬಿತು. ನನ್ನ ಪಕ್ಕದಲ್ಲಿ ಅಮ್ಮನ ಬೆರಳುಗಳು ಮಡಿಲಿನಲ್ಲಿ ಅದೇ ಲಯಕ್ಕೆ ಅಲುಗುತ್ತಿದ್ದವು. ಅಕ್ಕನ ಮುಖಕ್ಕೆ ಸ್ವಲ್ಪ ಸ್ವಲ್ಪವಾಗಿ ಉಸಿರು ಬಂತು. ಕೊನೆಗೆ ನಾವಿಬ್ಬರೂ ಬಟ್ಟೆ ಸುತ್ತಿದ ಮಣೆಯನ್ನು ಹೊತ್ತು, ಹಿಮ್ಮುಖವಾಗಿ ನಡೆಯುತ್ತಾ ಬಾಗಿಲಾಚೆ ಹೋದೆವು. ಬಾಗಿಲು ಮುಚ್ಚಿಕೊಂಡಿತು.

"ಸಾಕು" ಎಂದಳು ಅಮ್ಮ. "ಇನ್ನು ಅದನ್ನು ತೆಗಿಬೇಡ."

ಲೋಕಲ್‌ನಲ್ಲಿ ಗೋರೆಗಾಂವ್‌ಗೆ ವಾಪಸಾದೆವು. ಅಕ್ಕ ಬದುಕಿ ಬರಲಿಲ್ಲ, ಅಮ್ಮನೂ ಮೊದಲಿನ ಅಮ್ಮ ಆಗಲಿಲ್ಲ. ಆದರೆ ಆ ರಾತ್ರಿ ಅಪ್ಪ, ನಾನು ಊಟಕ್ಕೆ ಕೂತಾಗ ಸೌಟು ನನ್ನ ಕಡೆ ಬರಲಿಲ್ಲ. ಅಮ್ಮ ಬಲಗೈಯಲ್ಲಿ ಅನ್ನ ಹಾಕಿದಳು, ಸಾರು ಹಾಕಿದಳು, ಮತ್ತೆ ಅನ್ನ ಹಾಕಿದಳು. ನಾನು ಸಾಕು ಅನ್ನಲಿಲ್ಲ, ಅವಳು ಹಾಕಿದಷ್ಟನ್ನೂ ಉಂಡೆ.