ನೂರಮೂವತ್ತೋ, ನೂರೈವತ್ತೋ

ಹೋದ ತಿಂಗಳು ಲಂಡನ್ನಿನ ನಮ್ಮ ಬಡಾವಣೆ ಪಿನ್ನರ್‌ನ ಹಳೆ ಸಾಮಾನಿನ ಚಾರಿಟಿ ಅಂಗಡಿಯೊಂದರಲ್ಲಿ ಪುಟ್ಟ ತಕ್ಕಡಿಯೊಂದು ಕಣ್ಣಿಗೆ ಬಿತ್ತು. ಹಸಿರು ಬಣ್ಣದ ಕಬ್ಬಿಣದ ಕಾಲು, ಬಟ್ಟಲಿನಷ್ಟು ಚಿಕ್ಕ ತಟ್ಟೆ, ಗೀಟುಗಳ ಪಕ್ಕದಲ್ಲಿ ‘ಗ್ರೇನ್’ ಎಂಬ ಸಣ್ಣ ಅಕ್ಷರ. ಚಿನ್ನ ತೂಗುವುದಿರಬೇಕು ಎಂದಳು ಮಗಳು. ಅಲ್ಲ ಎಂದು ನನಗೆ ಗೊತ್ತಿತ್ತು. ಹತ್ತಿರ ಬಗ್ಗಿದಾಗ ಬಂದೂಕಿನ ಎಣ್ಣೆಯ ವಾಸನೆ ಬಂದಂತಾಯಿತು. ನಿಜವಾಗಿ ಬಂತೋ, ನನ್ನ ಭ್ರಮೆಯೋ...

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಪಿನ್ನರ್‌ಗೆ ಬಂದಾಗ ಪಕ್ಕದ ಮನೆಯಲ್ಲಿ ಕೊಡಗಿನ ದಂಪತಿ ಇದ್ದರು. ಅಂಕಲ್ ಅರಿವಳಿಕೆ ತಜ್ಞರಾಗಿದ್ದು ನಿವೃತ್ತರಾದವರು. ನಾನಾಗ ಆಸ್ಪತ್ರೆಯ ವೃದ್ಧರ ವಾರ್ಡಿನಲ್ಲಿ ಕಿರಿಯ ವೈದ್ಯೆ. ಮೈಸೂರಿನ ಸಸ್ಯಾಹಾರಿ ಹುಡುಗಿ ಎಂದು ಆಂಟಿ ನನಗಾಗಿ ಬೇರೆ ಪಾತ್ರೆಯಲ್ಲಿ ಅಕ್ಕಿಯ ಪುಟ್ಟು ಬೇಯಿಸುತ್ತಿದ್ದರು. ಅಂಕಲ್ ಪ್ರತಿವರ್ಷ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಗುಡ್ಡಗಳಿಗೆ ಜಿಂಕೆ ಬೇಟೆಗೆ ಹೋಗುತ್ತಿದ್ದರು. ರೈಫಲ್ ಮಹಡಿ ಮೇಲಿನ ಉಕ್ಕಿನ ಕಪಾಟಿನಲ್ಲಿರುತ್ತಿತ್ತು. ಅಂಥದೇ ಹಸಿರು ತಕ್ಕಡಿಯಲ್ಲಿ ಮದ್ದು, ಗುಂಡು ತೂಗಿ ತೋಟಾಗಳನ್ನು ಅವರೇ ಮನೆಯಲ್ಲಿ ತುಂಬಿಕೊಳ್ಳುತ್ತಿದ್ದರು.

ಒಂದು ಭಾನುವಾರ ಊಟದ ಮೇಜಿನ ಮೇಲೆ ಪೇಪರು ಹಾಸಿ ಎರಡು ಗುಂಡುಗಳನ್ನು ನನ್ನ ಮುಂದಿಟ್ಟರು.

“ಇದು ನೂರಮೂವತ್ತು ಗ್ರೇನು, ಇದು ನೂರೈವತ್ತು. ಹದಿನೈದು ಗ್ರೇನು ಅಂದ್ರೆ ಸುಮಾರು ಒಂದು ಗ್ರಾಮು. ಹಿಂದೆ ಮಾತ್ರೇನೂ ಗ್ರೇನ್ ಲೆಕ್ಕದಲ್ಲೇ ಕೊಡ್ತಿದ್ವಿ, ಗೊತ್ತಾ? ಹಗುರದ್ದು ಜೋರಾಗಿ, ನೇರವಾಗಿ ಹೋಗುತ್ತೆ. ಆದ್ರೆ ದೂರ ಹೋದಷ್ಟೂ ಗಾಳಿ ಅದನ್ನ ಪಕ್ಕಕ್ಕೆ ತಳ್ಳುತ್ತೆ. ಭಾರದ್ದು ಗಾಳಿಗೆ ಅಷ್ಟು ಬಗ್ಗಲ್ಲ, ಆದ್ರೆ ಬೇಗ ಕೆಳಗಿಳಿಯುತ್ತೆ. ಯಾವುದು ತಗೋಬೇಕು ಹೇಳು?”

ನನಗೇನು ಗೊತ್ತು! ನಕ್ಕುಬಿಟ್ಟೆ. ಅವರು ನಗಲಿಲ್ಲ.

ಕಾರಣ ಹೇಳಿದ್ದು ಆಂಟಿ. ಮೊಣಕಾಲು ನೋವು ಹೆಚ್ಚಾದ ಮೇಲೆ ಅಂಕಲ್‌ಗೆ ಮೊದಲಿನಂತೆ ತೆವಳಿಕೊಂಡು ಜಿಂಕೆಯ ಹತ್ತಿರ ಹೋಗಲಾಗುತ್ತಿರಲಿಲ್ಲ. ದೂರದಿಂದಲೇ ಹೊಡೆಯುತ್ತಿದ್ದರು. ಆ ವರ್ಷ ಹೊಡೆದ ಗುಂಡು ಎದೆ ತಪ್ಪಿ ಹೊಟ್ಟೆಗೆ ಬಿದ್ದಿತ್ತು. ಗಾಯಗೊಂಡ ಹೆಣ್ಣು ಜಿಂಕೆ ಎದ್ದು ಮಂಜಿನೊಳಗೆ ಓಡಿತ್ತು. ಬೇಟೆಗೆ ದಾರಿ ತೋರಿಸಲು ಜೊತೆಗೆ ಬಂದಿದ್ದ ಅಲ್ಲಿನವನೂ ಇವರೂ ಸಂಜೆಯವರೆಗೆ ಹುಡುಕಿದರೂ ಸಿಗಲಿಲ್ಲ. “ನಲವತ್ತು ವರ್ಷದಲ್ಲಿ ಒಂದು ಪ್ರಾಣೀನೂ ಹೀಗೆ ನರಳೋಕೆ ಬಿಟ್ಟಿಲ್ಲ ಅಂತ ಒಂದೇ ಸಮ ಹೇಳ್ತಾರೆ. ಊಟ ಸೇರ್ತಿಲ್ಲ ಕಣಮ್ಮಾ” ಎಂದರು ಆಂಟಿ.

ತಪ್ಪು ಗುಂಡಿನ ತೂಕದ್ದು ಎಂದು ಅಂಕಲ್ ನಿರ್ಧರಿಸಿಬಿಟ್ಟಿದ್ದರು. ಆ ಚಳಿಗಾಲವಿಡೀ ತೂಗಿದ್ದೇ ತೂಗಿದ್ದು. ಗಾಳಿ ಇಷ್ಟಿದ್ದರೆ ಎಷ್ಟು ಸರಿಯುತ್ತದೆ, ಅಷ್ಟು ದೂರದಲ್ಲಿ ಎಷ್ಟು ಇಳಿಯುತ್ತದೆ ಎಂದು ನೋಟ್‌ಬುಕ್ ತುಂಬ ಪಟ್ಟಿ. ವಾರಕ್ಕೊಮ್ಮೆ ಗುರಿ ಅಭ್ಯಾಸಕ್ಕೆ ಹೋಗಿ ತೂತುಬಿದ್ದ ಕಾಗದಗಳನ್ನು ತಂದು ಬೇಲಿಯ ಆಚೆಯಿಂದಲೇ ನನ್ನನ್ನು ಕರೆಯುತ್ತಿದ್ದರು.

“ನೋಡು, ಇದು ಹಗುರದ್ದು. ಇದು ಭಾರದ್ದು. ನೂರನಲವತ್ತೂ ಸಿಗುತ್ತೆ, ತರಿಸ್ತೀನಿ.”

ನಾನು ಕಾಗದ ನೋಡಿದೆ. ಎರಡರಲ್ಲೂ ತೂತುಗಳು ಒಂದೇ ರೀತಿ ಚೆಲ್ಲಾಪಿಲ್ಲಿಯಾಗಿದ್ದವು. ಆಮೇಲೆ ಕಾಗದ ಹಿಡಿದ ಕೈ ನೋಡಿದೆ. ಹೆಬ್ಬೆರಳು ತೋರುಬೆರಳಿನ ಮೇಲೆ ತನ್ನಷ್ಟಕ್ಕೆ ಉರುಳುತ್ತಿತ್ತು, ಕಾಣದ ಮಾತ್ರೆಯೊಂದನ್ನು ಉಂಡೆ ಕಟ್ಟುವ ಹಾಗೆ. ನನ್ನ ವಾರ್ಡಿನಲ್ಲಿ ಪಾರ್ಕಿನ್ಸನ್ ಕಾಯಿಲೆಯವರ ಅಂಥ ಕೈಗಳನ್ನು ದಿನವೂ ನೋಡುತ್ತಿದ್ದೆ. “ಚಳಿ ಇದೆ, ಒಳಗೆ ಹೋಗಿ ಅಂಕಲ್” ಎಂದಷ್ಟೇ ಹೇಳಿ ಬಂದುಬಿಟ್ಟೆ.

ಅಲ್ಲಿಂದ ನನಗೆ ನೆಮ್ಮದಿ ಇರಲಿಲ್ಲ. ಅವರು ಚಹಾ ಕಪ್ಪು ಎತ್ತಿದರೆ ಕಪ್ಪನ್ನೇ ನೋಡುತ್ತಿದ್ದೆ. ಅವರ ಮಹಡಿಯ ದೀಪ ಕಂಡರೆ ಕಪಾಟು ನೆನಪಾಗುತ್ತಿತ್ತು. ಮುಂದಿನ ಅಕ್ಟೋಬರ್‌ನಲ್ಲಿ ಆ ಗುಂಡು ಇನ್ನೊಂದು ಹೊಟ್ಟೆಗೆ ಬಿದ್ದರೆ... ಪಕ್ಕದಲ್ಲೇ ಮಲಗಿ ದುರ್ಬೀನು ಹಿಡಿದು ದಾರಿ ತೋರಿಸುವ ಆ ಮನುಷ್ಯನಿಗೇ ತಗಲಿದರೆ...

ಬೇಸಿಗೆಯಲ್ಲಿ ಬಂದೂಕಿನ ಪರವಾನಗಿ ನವೀಕರಿಸುವ ಸಮಯ ಬಂತು. ಇವರು ಬಂದೂಕು ಇಟ್ಟುಕೊಳ್ಳಲು ತಕ್ಕವರು ಎಂದು ಪರಿಚಿತರಿಬ್ಬರು ಬರೆದುಕೊಡಬೇಕು. ಅಂಕಲ್ ಫಾರಂ ಹಿಡಿದು ನಮ್ಮ ಮನೆಗೇ ಬಂದರು.

“ಒಬ್ರು ಬರೆದಿದಾರೆ. ಇನ್ನೊಂದು ನೀನು ಬರಿ.”

ಒಂದು ವಾರ ಆ ಫಾರಂ ಫ್ರಿಜ್ಜಿನ ಮೇಲೆ ಕೂತಿತ್ತು. “ಸಹಿ ಹಾಕ್ಬಿಡು. ಪೊಲೀಸ್ನೋರು ವಿಚಾರಿಸ್ಕೊಳ್ತಾರೆ. ನಮಗ್ಯಾಕೆ?” ಎಂದರು ನನ್ನ ಗಂಡ. ಎರಡು ಸಲ ಪೆನ್ನು ತೆಗೆದೆ, ಎರಡು ಸಲವೂ ಇಟ್ಟೆ. ಈ ದೇಶದಲ್ಲಿ ನನಗೆ ಮೊದಲು ಅನ್ನ ಬಡಿಸಿದ ಮನೆ ಅದು.

ಶನಿವಾರ ಬೆಳಿಗ್ಗೆ ಹೋಗಿ ಬೆಲ್ ಮಾಡಿದೆ. ಬಾಗಿಲು ತೆಗೆದವರು ಅಂಕಲ್. ಒಳಗೆ ಹೋಗಲೂ ಧೈರ್ಯವಾಗದೆ ಹೊಸಿಲಲ್ಲೇ ನಿಂತು ಹೇಳಿದೆ.

“ಅಂಕಲ್, ನಾನು ಬರೆಯಲ್ಲ. ತಪ್ಪು ಗುಂಡಿನ ತೂಕದ್ದಲ್ಲ... ನಿಮ್ಮ ಬಲಗೈ... ಯಾರಿಗಾದ್ರೂ ತೋರಿಸಿ.”

ಅವರು ನನ್ನ ಕೈಯಿಂದ ಫಾರಂ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದರು. ಮಡಿಸಲು ತುಂಬ ಹೊತ್ತು ಹಿಡಿಯಿತು. “ಆಯ್ತಮ್ಮಾ” ಎಂದು ಬಾಗಿಲು ಹಾಕಿಕೊಂಡರು.

ಆ ತಿಂಗಳಲ್ಲೇ ಬಂದೂಕು ವ್ಯಾಪಾರಿಯ ವ್ಯಾನ್ ಬಂದು ರೈಫಲ್ ಒಯ್ದಿತು. ನಾನು ಪರದೆಯ ಹಿಂದೆ ನಿಂತು ನೋಡಿದೆ. ಅವರ ನಲವತ್ತು ವರ್ಷವನ್ನು ನಾನೇ ಕಿತ್ತುಕೊಂಡೆ ಅನ್ನಿಸಿತು. ಆಮೇಲೆ ಬೇಲಿಯ ಹತ್ತಿರ ಹೋಗುವುದನ್ನು ಬಿಟ್ಟೆ. ಎದುರಾದರೆ ಕೈ ಎತ್ತುತ್ತಿದ್ದೆವು, ಅಷ್ಟೇ. ಆಂಟಿ ಕರೆದಾಗಲೆಲ್ಲ ಡ್ಯೂಟಿ ಇದೆ ಎನ್ನುತ್ತಿದ್ದೆ. ಎರಡು ವರ್ಷದ ನಂತರ ಅವರಿಬ್ಬರೂ ಲಂಡನ್ನಿನ ಇನ್ನೊಂದು ತುದಿಯ ಕ್ರೋಯ್ಡನ್‌ನಲ್ಲಿ ತಮ್ಮ ಮಗಳ ಮನೆಯ ಹತ್ತಿರ ಫ್ಲಾಟ್ ಮಾಡಿಕೊಂಡು ಹೋದರು. ಹೊರಡುವ ದಿನವೂ ನಾನು ಆಸ್ಪತ್ರೆಯಲ್ಲಿದ್ದೆ. ರಜೆ ಕೇಳಿದ್ದರೆ ಸಿಗುತ್ತಿತ್ತು.

ಇನ್ನೂ ಮೂರು ವರ್ಷ ಕಳೆದ ಮೇಲೆ ಆಂಟಿಯ ಫೋನು ಬಂತು. ಅಂಕಲ್ ಹೋಗಿದ್ದರು. ಅಂತ್ಯಸಂಸ್ಕಾರ ಮುಗಿದ ಮೇಲೆ ಆಂಟಿ ನನ್ನ ಕೈ ಹಿಡಿದುಕೊಂಡು ಪಕ್ಕಕ್ಕೆ ಕರೆದೊಯ್ದರು. ನಾನು ಏನೇನೋ ಕ್ಷಮೆ ಕೇಳಲು ಶುರುಮಾಡಿದೆ.

“ಯಾತಕ್ಕಮ್ಮಾ? ಆ ಕೈಯಿಂದಾನೇ ಕೆಲಸ ಬೇಗ ಬಿಟ್ಟಿದ್ದು ಅವರು. ಬಂದೂಕು ಮಾತ್ರ ಬಿಡೋಕಾಗ್ಲಿಲ್ಲ. ಸಹಿ ಹಾಕೋರು ಹತ್ತು ಜನ ಇದ್ರು. ಹಾಕದೇ ಇರೋಳು ಅವಳೊಬ್ಬಳೇ ಅಂತ ನಿನ್ನ ಹತ್ರ ತಂದ್ರು. ಆಮೇಲೆ ಎಷ್ಟು ದಿನ ಕಿಟಕಿ ಹತ್ರ ಕೂತು, ಆ ಹುಡುಗಿ ಯಾಕೆ ಬರ್ತಿಲ್ಲ ಅಂತ ಕೇಳಿದ್ರು ಗೊತ್ತಾ?”

ಈಗ ನಾನು ಜಿಪಿ, ಬಡಾವಣೆಯ ಕುಟುಂಬ ವೈದ್ಯೆ. ಇನ್ನು ಕಾರು ಓಡಿಸಬೇಡಿ, ಒಬ್ಬರೇ ಇರಬೇಡಿ ಎಂದು ವಯಸ್ಸಾದವರಿಗೆ ಹೇಳುವುದೇ ನನ್ನ ಕೆಲಸದ ಒಂದು ಭಾಗ. ಹೇಳಿದ ಮರುವಾರ ನಾನೇ ಫೋನು ಮಾಡುತ್ತೇನೆ, ಆಗದಿದ್ದರೆ ಮನೆಗೆ ಹೋಗುತ್ತೇನೆ. ಅಂಕಲ್ ಬಾಗಿಲಿಗೆ ನನ್ನ ಬಾಗಿಲಿನಿಂದ ಹನ್ನೆರಡು ಹೆಜ್ಜೆ ಇತ್ತು. ಎರಡು ವರ್ಷ ಅಷ್ಟು ದೂರ ನಡೆಯಲು ನನಗೆ ಧೈರ್ಯವಾಗಲಿಲ್ಲ.