ಯಂಕವ್ವ ಮುಲ್ಕಿ ಪರೀಕ್ಷೆಗೆ ಕೂತದ್ದು

ಬನಹಟ್ಟಿಯ ನಮ್ಮ ಓಣಿಯಲ್ಲಿ ಯಂಕವ್ವನಿಗೆ ಅಂಜದವರು ಕಡಿಮೆ. ಹಾಗಂತ ಆಕೆ ಜಗಳಗಂಟಿಯಲ್ಲ. ಕೇಳಬೇಕಾದ್ದನ್ನು ಕೇಳದೆ ಬಿಡುತ್ತಿರಲಿಲ್ಲ, ಅಷ್ಟೆ. ಗಂಡ ದಶರಥನದು ಮನೆಯಲ್ಲೇ ಕೈಮಗ್ಗ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಳೆಯ ಹಾಸಿನ ಕೊನೆಗೆ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದು ಯಂಕವ್ವನ ಕೆಲಸ. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಅವಳ ಒಬ್ಬಳೇ ಮಗಳು ಕೆಂಪವ್ವ ನನ್ನ ಜೊತೆ ಏಳನೆಯ ಇಯತ್ತೆಯಲ್ಲಿದ್ದಳು. ೧೯೬೭ರ ಮಾತಿದು.

ದಸರೆ ಸೂಟಿಗೆ ಮುಂಚಿನ ಪರೀಕ್ಷೆಯಲ್ಲಿ ಕೆಂಪವ್ವನಿಗೆ ಗಣಿತದಲ್ಲಿ ನೂರಕ್ಕೆ ಒಂಬತ್ತು ಬಂತು. ಗಿರಿಮಲ್ಲಪ್ಪ ಮಾಸ್ತರರು ಅಪ್ಪನನ್ನು ಕರಕೊಂಡು ಬಾ ಎಂದರು. ದಶರಥ ಮಗ್ಗ ಬಿಟ್ಟು ಏಳಲಿಲ್ಲ. ಯಂಕವ್ವ ಬಂದಳು.

"ಮನಿ ವಾತಾವರಣ ಸರಿ ಇಲ್ಲವ್ವಾ," ಎಂದರು ಮಾಸ್ತರರು, ಇಡೀ ವರ್ಗಕ್ಕೆ ಕೇಳುವಂತೆ. "ಓದಿದವರ ಮಕ್ಕಳಿಗೆ ಗಣಿತ ಹತ್ತತೈತಿ. ನಿಮ್ಮ ಮನ್ಯಾಗ ಮಗ್ಗದ ಸಪ್ಪಳ ಬಿಟ್ರ ಏನೈತಿ? ಸಾಲಿ ಬಿಡಸ್ರಿ. ಕಂಡಿಕಿಗೆ ನೂಲು ಸುತ್ತಲಿ."

"ಮನ್ಯಾಗ ಬಾಯಿಲೆ ಲೆಕ್ಕಾ ಮಾಡ್ತಾಳರಿ ಇಕಿ. ಇಲ್ಲಿ ಯಾಕ ಬರೂದುಲ್ಲ?"

"ಅದನ್ನ ನನಗ ಕೇಳಿದ್ರ?"

"ಮತ್ಯಾರಿಗೆ ಕೇಳ್ಲಿರಿ? ತಪ್ಪು ಮನ್ಯಾಗ ಐತೋ ಸಾಲ್ಯಾಗ ಐತೋ, ನೋಡೇ ಬಿಡ್ತೀನಿ."

ಮರುದಿನ ಬೆಳಿಗ್ಗೆ ನಮ್ಮ ವರ್ಗದ ಕಿಟಕಿಯ ಹೊರಗೆ, ಬೇವಿನ ಮರದ ಬುಡದಲ್ಲಿ ಯಂಕವ್ವ ಬಂದು ಕೂತಳು. ಮಾಸ್ತರರು ಗದರಿದರು. "ಗಿಡ ಸರಕಾರದ್ದರಿ," ಎಂದಳು, ಏಳಲಿಲ್ಲ. ಎಂಟು ದಿನ ಬಂದಳು. ಹುಡುಗಿಯರನ್ನೆಲ್ಲ ಹಿಂದೆ ಕೂಡಿಸಿದ್ದು, ವಕೀಲರ ಮತ್ತು ವ್ಯಾಪಾರಸ್ಥರ ಮಕ್ಕಳಿಗಷ್ಟೇ ಪ್ರಶ್ನೆ ಕೇಳುವುದು, ಬರೆದ ಲೆಕ್ಕ ನಾವು ಇಳಿಸಿಕೊಳ್ಳುವ ಮೊದಲೇ ಅಳಿಸುವುದು, ಎಲ್ಲ ನೋಡಿದಳು. ಕರಿ ಹಲಗೆಯ ಮುಂದೆ ನಿಂತ ಮಗಳು ಬರೆದದ್ದನ್ನು ತಾನೇ ಅಂಗೈಯಿಂದ ಅಳಿಸಿಬಿಡುವುದನ್ನೂ ನೋಡಿದಳು.

ಒಂಬತ್ತನೆಯ ದಿನ ಮನೆಯಲ್ಲಿ ಕೂತು ಮನೆಯನ್ನೂ ಹಾಗೆಯೇ ನೋಡಿದಳು. ಶಾಲೆಯಿಂದ ಬಂದ ಹುಡುಗಿ ಪಾಟಿಚೀಲ ಮೂಲೆಗಿಟ್ಟು ಕಂಡಿಕೆ ಸುತ್ತಲು ಕೂತರೆ ಉಣ್ಣುವಾಗಲೇ ಏಳುವುದು. ಚೀಲ ಮತ್ತೆ ಬಿಚ್ಚುವುದು ಮರುದಿನ ವರ್ಗದಲ್ಲೇ.

"ನಾಳಿಂದ ಆಕಿ ಕಂಡಿಕಿ ಸುತ್ತೂದುಲ್ಲ," ಎಂದಳು ಗಂಡನಿಗೆ.

"ಮತ್ಯಾರು ಸುತ್ತತಾರ?"

"ನಾ ಸುತ್ತತೇನಿ. ಸೀರಿ ಒಂದಿನ ತಡಾ ಆದ್ರ ಆಗ್ಲಿ."

ದಶರಥ ಸಿಟ್ಟಾಗಿ ಎರಡು ದಿನ ಮಾತು ಬಿಟ್ಟ. ಯಂಕವ್ವ ರೊಟ್ಟಿ ಬಡಿದು ಮುಂದಿಟ್ಟಳೇ ಹೊರತು ರಮಿಸಲಿಲ್ಲ.

ಅಂದಿನಿಂದ ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಶಾಲೆ ತಲೆಕೆಳಗಾಯಿತು. ಮಗಳೇ ಮಾಸ್ತರು, ತಾಯಿ ವಿದ್ಯಾರ್ಥಿ. ಕಂಡಿಕೆ ಸುತ್ತುತ್ತಲೇ ಯಂಕವ್ವ ಪ್ರತಿ ಹೆಜ್ಜೆಗೂ "ಯಾಕ?" ಎನ್ನುತ್ತಿದ್ದಳು. ಉತ್ತರ ಗೊತ್ತಿಲ್ಲದೆ ಕೆಂಪವ್ವ ಅಳುತ್ತಿದ್ದಳು. ಪಕ್ಕದ ಮನೆಯವಳಾದ ನಾನೂ ಪಾಟಿ ಹಿಡಿದು ಹೋಗಿ ಕೂಡತೊಡಗಿದೆ.

ಭಿನ್ನರಾಶಿಯ ಭಾಗಾಕಾರ ಬಂದಾಗ ದೊಡ್ಡ ರಾದ್ಧಾಂತವಾಯಿತು. ಭಾಗಿಸುವ ಭಿನ್ನರಾಶಿಯನ್ನು ತಿರುವಿ ಹಾಕಿ ಗುಣಿಸಬೇಕೆಂದು ಮಾಸ್ತರರು ಹೇಳಿದ್ದರು. ಯಂಕವ್ವ ಯಥಾಪ್ರಕಾರ "ಯಾಕ ತಿರುವಬೇಕು?" ಎಂದಳು. ಮರುದಿನ ವರ್ಗದಲ್ಲಿ ಕೆಂಪವ್ವ ಎದ್ದು ನಿಂತು, ಜನ್ಮದಲ್ಲಿ ಮೊದಲ ಸಲ, ಅದನ್ನೇ ಕೇಳಿದಳು. ಮಾಸ್ತರರು ರೂಲರ್‌ನಿಂದ ಅವಳ ಬೆರಳಿನ ಗಂಟಿಗೆ ಹೊಡೆದರು.

ಮಗಳ ಬಾತ ಬೆರಳು ಹಿಡಿದುಕೊಂಡೇ ಯಂಕವ್ವ ಶಾಲೆಗೆ ನುಗ್ಗಿದಳು. "ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ. ಹೊಡತ ಉತ್ತರ ಅಲ್ರಿ," ಎಂದಳು. ಮಾಸ್ತರರು ಹಲಗೆಯ ಕಡೆ ತಿರುಗಿ ಮುಂದಿನ ಲೆಕ್ಕ ಬರೆಯತೊಡಗಿದರು.

ಉತ್ತರವನ್ನು ಆಕೆ ತಾನೇ ಹುಡುಕಿದಳು. ಆರು ಮೊಳದ ಬಟ್ಟೆ ಹಾಸಿ, "ಮುಕ್ಕಾಲು ಮುಕ್ಕಾಲು ಮೊಳದ ತುಂಡು ಎಷ್ಟಾಕ್ಕಾವ?" ಎಂದಳು. ನಾವು ಒಂದೊಂದು ಮೊಳವನ್ನೂ ನಾಲ್ಕು ಪಾಲು ಮಾಡಿದೆವು, ಇಪ್ಪತ್ನಾಲ್ಕು ಕಾಲುಗಳಾದವು. ಮೂರು ಮೂರು ಕಾಲು ಕೂಡಿಸಿದೆವು, ಎಂಟು ತುಂಡು. "ನಾಕರಿಂದ ಗುಣಿಸಿ ಮೂರರಿಂದ ಭಾಗಿಸಿದ್ರಿ! ತಿರುವಿ ಹಾಕೂದಂದ್ರ ಇಷ್ಟ ನೋಡ್ರಿ!" ಎಂದು ಆಕೆ ಚಪ್ಪಾಳೆ ತಟ್ಟಿದಳು. ಕೆಂಪವ್ವ ನಗುವುದನ್ನು ಗಣಿತದ ಮುಂದೆ ನಾನು ಕಂಡದ್ದು ಅಂದೇ.

ಮಾಸ್ತರರು ಸೇಡು ಬಿಡಲಿಲ್ಲ. ಮಾರ್ಚ್‌ನ ಮುಲ್ಕಿ, ಅಂದರೆ ಏಳನೆಯ ಇಯತ್ತೆಯ ಸರಕಾರಿ ಪರೀಕ್ಷೆಗೆ ಕೆಂಪವ್ವನ ಅರ್ಜಿ ಕಳಿಸಲಿಲ್ಲ. ಅವಳು ನಪಾಸಾದರೆ ಶಾಲೆಯ ಫಲಿತಾಂಶ ಕೆಡುತ್ತದೆಂದು ನೆಪ ಹೇಳಿದರು. ಯಂಕವ್ವ ಮಗಳನ್ನೂ ನನ್ನನ್ನೂ ಕಟ್ಟಿಕೊಂಡು ಜಮಖಂಡಿಯ ಬಸ್ಸು ಹತ್ತಿದಳು. ಶಿಕ್ಷಣ ಕಚೇರಿಯಲ್ಲಿ ಬಾಳಾಸಾಹೇಬ ಎಂಬ ಗುಮಾಸ್ತರಿದ್ದರು. ಖಾಸಗಿಯಾಗಿಯೂ ಪರೀಕ್ಷೆ ಕಟ್ಟಬಹುದು ಎಂದರು.

"ಹಂಗಾರ ಎರಡು ಅರ್ಜಿ ಕೊಡ್ರಿ."

"ಇನ್ನೊಂದು ಯಾರಿಗ್ರಿ?"

"ನನಗ್ರಿ."

ಅವರು ನಕ್ಕುಬಿಟ್ಟರು. ಯಂಕವ್ವ ನಗಲಿಲ್ಲ. "ಮನಿ ವಾತಾವರಣ ಸರಿ ಇಲ್ಲಂತ ಮಾಸ್ತರು ಹೇಳ್ಯಾರ. ಮನಿ ವಾತಾವರಣ ಅಂದ್ರ ನಾನ ಅಲ್ರಿ? ನಂದೂ ಪರೀಕ್ಷಾ ಆಗೇ ಹೋಗ್ಲಿ."

ಬಾಳಾಸಾಹೇಬರು ಎರಡು ಅರ್ಜಿ ಕೊಟ್ಟರು.

ಪರೀಕ್ಷೆಯ ದಿನ ಮೂವತ್ನಾಲ್ಕರ ಯಂಕವ್ವ ಹನ್ನೆರಡು ಹದಿಮೂರರ ಮಕ್ಕಳ ನಡುವೆ ಸೆರಗು ಬಿಗಿದು ಕೂತಳು. ಕಿಟಕಿಯಲ್ಲಿ ಇಣುಕಿದ ಮಂದಿಯ ಕಡೆ ತಿರುಗಿಯೂ ನೋಡಲಿಲ್ಲ. ಫಲಿತಾಂಶ ಬಂದಾಗ ಕೆಂಪವ್ವ ಪಾಸಾಗಿದ್ದಳು, ಗಣಿತದಲ್ಲಿ ಎಪ್ಪತ್ತೊಂದು. ಯಂಕವ್ವ ನಪಾಸು. ಗಣಿತದಲ್ಲಿ ಅರವತ್ನಾಲ್ಕು ತೆಗೆದಿದ್ದರೂ ಇತಿಹಾಸ ಕೈಕೊಟ್ಟಿತ್ತು.

ಪೇಟೆಯಲ್ಲಿ ಎದುರಾದ ಗಿರಿಮಲ್ಲಪ್ಪ ಮಾಸ್ತರರು, "ಏನವ್ವಾ, ಡುಮ್ಕಿ ಅಂತಲ್ಲ?" ಎಂದರು.

"ಹೌದರಿ. ರಾಜರು ಸತ್ತ ಇಸವಿ ನೆನಪು ಹಾರಿದ್ವು. ಇನ್ನೊಮ್ಮಿ ಕುಂಡ್ರತೇನಿ," ಎಂದು ತಲೆ ಎತ್ತಿಯೇ ಮುಂದೆ ನಡೆದಳು. ಮರುವರ್ಷ ಕೂತಳು, ಪಾಸಾದಳು.

ಕೆಂಪವ್ವ ಹತ್ತನೆಯ ಇಯತ್ತೆಗೆ ಬಂದಾಗ ಮುಧೋಳದಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರು. ಹುಡುಗಿ ಇನ್ನು ಓದುವುದು ಬೇಡ ಎಂದರು. ದಶರಥ ಹೆಂಡತಿಯ ಮುಖ ನೋಡಿದ. ಆಕೆ ಬಾಯಿ ತೆರೆಯುವ ಮೊದಲೇ ಅವನೇ, "ಚಾ ಕುಡೀರಿ. ನಮ್ಮ ಹುಡುಗಿ ಕಾಲೇಜಿಗೆ ಹೊಂಟಾಳ್ರಿ," ಎಂದ.

ಕೆಂಪವ್ವ ಜಮಖಂಡಿಯ ಕಾಲೇಜಿನಲ್ಲಿ ಗಣಿತವನ್ನೇ ತೆಗೆದುಕೊಂಡಳು. ವರ್ಗದಲ್ಲಿ ಅವಳೊಬ್ಬಳೇ ಹುಡುಗಿ, ಕೂತದ್ದು ಮೊದಲನೆಯ ಬೆಂಚಿನಲ್ಲಿ.